ಕಂಡದ್ದಕ್ಕೆ ಮೆಚ್ಚುಗೆ, ಕಾಣಿಸಿದ್ದಕ್ಕೆ?

ಕ್ವಾಂಟಮ್ ವಸ್ತುಗಳ ಬಗ್ಗೆ ನಾಲ್ಕು ದಶಕಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಲೆಬರಹದಲ್ಲಿ ಮೆರೆದದ್ದು ತಡೆಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕಗಳು, ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯಾದ ಗ್ರಾಫೀನ್. ಅವುಗಳ ಒಳಗುಟ್ಟು ತೋರಿಸಿದ ಸೂಕ್ಷ್ಮದರ್ಶಕ ಕಟ್ಟಿದವರನ್ನು ನೆನೆದವರು ಕಡಿಮೆ.

ಇದಕ್ಕೆ ದೊಡ್ಡ ಅಪವಾದ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್. ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ 1981ರಲ್ಲಿ ಅವರು ರೂಪಿಸಿದ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನಲ್ಲಿ ಮಸೂರವೇ ಇಲ್ಲ. ಇರುವುದು ತುದಿಯಲ್ಲಿ ಒಂದೇ ಪರಮಾಣು ಉಳಿಯುವಷ್ಟು ಚೂಪಾದ ಲೋಹದ ಸೂಜಿ. ಅದನ್ನು ಮೇಲ್ಮೈಗೆ ಒಂದು ನ್ಯಾನೋಮೀಟರಿಗಿಂತ ಹತ್ತಿರ ತರುತ್ತಾರೆ, ಮುಟ್ಟಿಸುವುದಿಲ್ಲ. ನಡುವಿನ ಖಾಲಿ ಜಾಗವನ್ನು ಎಲೆಕ್ಟ್ರಾನುಗಳು ಸುರಂಗ ಕೊರೆದಂತೆ ದಾಟುತ್ತವೆ. ಅಂತರ 0.1 ನ್ಯಾನೋಮೀಟರ್ ಹೆಚ್ಚಿದರೆ ಸಾಕು, ವಿದ್ಯುತ್ ಪ್ರವಾಹ ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಪರಮಾಣುಗಳ ಉಬ್ಬುತಗ್ಗು ತಿಳಿಯುವುದು ಈ ಏರಿಳಿತದಿಂದಲೇ. ಹಾಗಾಗಿ ಸಣ್ಣ ಅದುರಾಟವೂ ಶತ್ರು. ರಾತ್ರಿ ಹೊತ್ತು, ಉಸಿರು ಬಿಗಿಹಿಡಿದು ಅಳೆಯುತ್ತಿದ್ದುದನ್ನು ಅವರೇ ನೊಬೆಲ್ ಉಪನ್ಯಾಸದಲ್ಲಿ ನೆನೆದಿದ್ದಾರೆ. ಸಿಲಿಕಾನ್ ಮೇಲ್ಮೈಯ ಪರಮಾಣು ವಿನ್ಯಾಸ ಕಂಡಾಗ, ರೆಕಾರ್ಡರಿನ ಗೆರೆಗಳನ್ನೇ ಜೋಡಿಸಿ ಉಬ್ಬುತಗ್ಗಿನ ಮಾದರಿ ಮಾಡಿದರು. ಯಂತ್ರ ಹುಟ್ಟಿ ಐದೇ ವರ್ಷಕ್ಕೆ, 1986ರಲ್ಲಿ, ನೊಬೆಲ್ ಬಂತು. ಅದೇ ಬಹುಮಾನದ ಅರ್ಧ ಪಾಲು ಅರ್ನ್ಸ್ಟ್ ರುಸ್ಕಾ ಅವರದು. ಎಲೆಕ್ಟ್ರಾನ್ ಮೈಕ್ರೋಸ್ಕೋಪನ್ನು 1930ರ ದಶಕದ ಆರಂಭದಲ್ಲೇ ಕಟ್ಟಿದ್ದ ಅವರು ಅರ್ಧ ಶತಮಾನ ಕಾಯಬೇಕಾಯಿತು!

ಆಮೇಲಿನ ದಾರಿ ಬೇಗ ಸಾಗಿತು. 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಐಗ್ಲರ್ ತಂಡ 48 ಕಬ್ಬಿಣದ ಪರಮಾಣುಗಳನ್ನು ತಾಮ್ರದ ಮೇಲೆ ಬಳೆಯಾಕಾರದಲ್ಲಿ ಕೂರಿಸಿ, ಒಳಗೆ ಎಲೆಕ್ಟ್ರಾನ್ ಅಲೆಗಳನ್ನು ತೋರಿಸಿತು. 2018ರಲ್ಲಿ ಎಂಐಟಿಯ ಪಾಬ್ಲೊ ಹರಿಯೊ-ಎರೆರೊ ತಂಡ, ಎರಡು ಗ್ರಾಫೀನ್ ಪದರಗಳನ್ನು ಸುಮಾರು 1.1 ಡಿಗ್ರಿ ತಿರುಚಿದರೆ ಅತಿವಾಹಕವಾಗುತ್ತದೆಂದು ಕಂಡಿತು. ಆದರೆ ಒಂದೊಂದು ಕೋನಕ್ಕೂ ಹೊಸ ಮಾದರಿ ಮಾಡಬೇಕಿತ್ತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಶಹಾಲ್ ಇಲಾನಿ ತಂಡ 2023ರಲ್ಲಿ ಪ್ರಕಟಿಸಿದ ಯಂತ್ರ ಈ ಗೋಜನ್ನು ತಪ್ಪಿಸಿತು: ಚೂಪು ಸೂಜಿಯ ಬದಲು ಗ್ರಾಫೀನ್‌ನಂಥ ಪದರ ಹೊದ್ದ ಚಪ್ಪಟೆ ತುದಿ, ಮಾದರಿಗೆ ತಾಗಿಸಿಯೇ ತಿರುಗಿಸಬಹುದು. ಮೂಲ ಯಂತ್ರದ ಎರಡು ಕಟ್ಟುಪಾಡುಗಳನ್ನು ಒಟ್ಟಿಗೇ ಮುರಿದ ಈ ಎದೆಗಾರಿಕೆಯೇ ನನಗೆ ಹೆಚ್ಚು ಹಿಡಿಸಿದ್ದು.

ನಮ್ಮಲ್ಲಿ? 2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಇದೆ. ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿ, ವಸ್ತುಗಳದ್ದು ದೆಹಲಿ ಐಐಟಿಯಲ್ಲಿ. ಆದರೆ ದುಬಾರಿ ಉಪಕರಣವೆಂದರೆ ವಿದೇಶದಿಂದ ತರಿಸುವುದು ಎಂಬ ರೂಢಿ ಗಟ್ಟಿಯಾಗಿ ಕೂತಿದೆ. ಯಂತ್ರ ಕಟ್ಟುವುದರಲ್ಲೇ ವರ್ಷಗಳನ್ನು ಕಳೆದ ಪಿಎಚ್.ಡಿ. ವಿದ್ಯಾರ್ಥಿಯ ಪ್ರಬಂಧಗಳ ಪಟ್ಟಿ ಚಿಕ್ಕದಾಗುವುದು ಸಹಜ. ಕೆಲಸದ ಸಂದರ್ಶನದಲ್ಲಿ ಎಣಿಸುವುದು ಮಾತ್ರ ಆ ಪಟ್ಟಿಯನ್ನೇ. ಮಿಷನ್ ನಡೆಸುವವರು ಹಣದ ಒಂದು ಪಾಲನ್ನು ಯಂತ್ರ ಕಟ್ಟುವವರಿಗೆಂದೇ ತೆಗೆದಿಡಲಿ, ಕಟ್ಟಿದ ಯಂತ್ರವನ್ನೂ ಸಂಶೋಧನೆಯೆಂದೇ ಲೆಕ್ಕಕ್ಕೆ ಹಿಡಿಯಲಿ.