ಚಕ್ರದ ಮೇಲಣ ಮನೆಗೆ ದೀಪ

ಹಿಂದಿನ ಕಾಲದಲ್ಲಿ ಸಂಸಾರಸಮೇತ ಯಾತ್ರೆಗೆ ಹೊರಟವರು ಒಂದು ಲಾಟೀನು, ಒಂದು ಬುತ್ತಿಯ ಗಂಟು, ಹಾಸಿಗೆಯ ಸುರುಳಿ ಇಷ್ಟನ್ನು ಕಟ್ಟಿಕೊಂಡರೆ ಸಿದ್ಧತೆ ಮುಗಿಯುತ್ತಿತ್ತು. ಊರೂರು ಸುತ್ತುತ್ತಿದ್ದ ಟೂರಿಂಗ್ ಟಾಕೀಸಿನವರಾದರೋ ಡೇರೆಯ ಹಿಂದೆ ಎಣ್ಣೆ ಎಂಜಿನ್ನನ್ನು ಗುಡುಗಿಸಿ ತಮಗೆ ಬೇಕಾದ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳುತ್ತಿದ್ದರು. ಇಂದಿನ ಗೃಹಸ್ಥನಿಗೆ ಯಾತ್ರೆಯೂ ಬೇಕು, ಮನೆಯೂ ಜೊತೆಯಲ್ಲಿ ಬರಬೇಕು. ವ್ಯಾನಿನೊಳಗೆ ಮಂಚ, ಫ್ಯಾನು, ಫ್ರಿಜ್ಜು ಎಲ್ಲವೂ ಇರಬೇಕು. ಆದರೆ ಎಂಜಿನ್ನಿನ ಗುಡುಗು ಮಾತ್ರ ಬೇಡ.

ಚಿಕ್ಕಬಾಣಾವರ ಇಂಥ ಆಸೆಗಳು ಹುಟ್ಟುವುದಕ್ಕೆ ತಕ್ಕ ಊರು. ಬೆಂಗಳೂರಿನಿಂದ ಬಂದ ರೈಲುದಾರಿ ಇಲ್ಲಿ ತುಮಕೂರಿನತ್ತ ಒಂದು, ಹಾಸನದತ್ತ ಒಂದು ಎಂದು ಕವಲೊಡೆಯುತ್ತದೆ. ಸಮೀಪದ ನೆಲಮಂಗಲದಲ್ಲಿ ಹೆದ್ದಾರಿಗಳೂ ಹಾಗೆಯೇ ಬೇರ್ಪಡುತ್ತವೆ. ಇನ್ನೊಂದು ಕಡೆ ಪೀಣ್ಯ. ಕಬ್ಬಿಣ, ತಾಮ್ರ, ತಂತಿಗಳ ಕೆಲಸ ಬಲ್ಲ ಸಣ್ಣ ಕಾರ್ಖಾನೆಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಈ ಊರಿನ ಒಂದು ಕುಟುಂಬ ಹಳೆಯ ವ್ಯಾನೊಂದನ್ನು ಸಂಚಾರದ ಮನೆಯಾಗಿ ಮಾಡಿಕೊಂಡು ಹಂಪಿಗೆ ಹೊರಡಲು ಯೋಚಿಸಿದೆಯೆಂದು ಇಟ್ಟುಕೊಳ್ಳಬಹುದು. ಮಗನಿಗೆ ಸೊಸೆಗೆ ಸಂಭ್ರಮ. ಮಧುಮೇಹದ ವೃದ್ಧ ತಾಯಿ ಮಾತ್ರ ಕೇಳುತ್ತಾರೆ: “ಅಲ್ಲಪ್ಪಾ, ನನ್ನ ಇನ್ಸುಲಿನ್ನಿಗೆ ದಾರಿಯಲ್ಲಿ ಗತಿಯೇನು?”

ಪ್ರಶ್ನೆ ಸಾಧುವಾದುದೇ. ತೆರೆಯದ ಇನ್ಸುಲಿನ್ ಸೀಸೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಹೆಪ್ಪುಗಟ್ಟಿದರಂತೂ ಅದನ್ನು ಬಳಸಲಾಗದು. ಆದುದರಿಂದ ವ್ಯಾನಿನ ಫ್ರಿಜ್ಜು ಇಲ್ಲಿ ವಿಲಾಸದ ವಸ್ತುವಲ್ಲ.

ಹಾಗಾದರೆ ಸಣ್ಣದೊಂದು ಜನರೇಟರನ್ನೇ ಹೇರಿಕೊಂಡು ಹೋಗಬಾರದೇಕೆ ಎಂದು ಕೇಳುವವರುಂಟು. 2024ರ ಡಿಸೆಂಬರಿನಲ್ಲಿ ಕೇರಳದ ವಡಗರೆಯ ಬಳಿ ರಸ್ತೆಯ ಪಕ್ಕದಲ್ಲಿ ನಿಂತಿದ್ದ ಕಾರವಾನ್ ಒಂದರೊಳಗೆ ಇಬ್ಬರು ಮೃತರಾಗಿ ಕಂಡುಬಂದರು. ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಅನಿಲವು ನೆಲದ ರಂಧ್ರದ ಮೂಲಕ ಒಳನುಗ್ಗಿದ್ದಿತೆಂಬುದು ಆಮೇಲಿನ ಪರೀಕ್ಷೆಯಿಂದ ತಿಳಿದುಬಂದಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ನಿದ್ರಿಸುವವರನ್ನು ಎಚ್ಚರಿಸುವುದಿಲ್ಲ. ಮಲಗುವ ಗಾಡಿಗೂ ಜನರೇಟರಿಗೂ ಸಹವಾಸ ಬೇಡ.

ಅದರ ಬದಲಿಗೆ ಈಗ ದೊರೆಯುವುದು ಕೈಯಲ್ಲಿ ಎತ್ತಿ ಒಯ್ಯಬಹುದಾದ ಪವರ್ ಸ್ಟೇಷನ್. ಹೆಸರು ದೊಡ್ಡದು, ವಸ್ತು ಒಂದು ಟ್ರಂಕಿಗಿಂತ ಸಣ್ಣದು. ಬ್ಯಾಟರಿ, ಇನ್ವರ್ಟರ್, ಚಾರ್ಜಿಂಗಿನ ನಿಯಂತ್ರಣ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಕೊಳ್ಳುವಾಗ ಒಳಗಿರುವುದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯೇ ಎಂದು ನೋಡಿಕೊಳ್ಳಬೇಕು. ಇತರ ಲಿಥಿಯಂ ಬ್ಯಾಟರಿಗಳಿಗಿಂತ ಇದು ತೂಕದಲ್ಲಿ ತುಸು ಹೆಚ್ಚು, ಆದರೆ ಸುಲಭವಾಗಿ ಕೆರಳಿ ಉರಿಯುವ ಸ್ವಭಾವದ್ದಲ್ಲ, ಆಯುಷ್ಯವೂ ದೀರ್ಘ. ಈ ಪದಾರ್ಥದ ಗುಣವನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧದ ಕರ್ತೃಗಳು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿದ್ದ ಪಾಢಿ, ನಂಜುಂಡಸ್ವಾಮಿ ಮತ್ತು ಗುಡ್‌ಎನಫ್. ಮೂರನೆಯವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ನಡುವಿನ ಹೆಸರು ಕನ್ನಡದ ಕಿವಿಗೆ ಎಷ್ಟು ಪರಿಚಿತವೆಂಬುದನ್ನು ಹೇಳಬೇಕಾಗಿಲ್ಲ.

ಎಷ್ಟು ದೊಡ್ಡದು ಬೇಕು? ಇದಕ್ಕೆ ಅಂಗಡಿಯವರ ಸಲಹೆಗಿಂತ ಮನೆಯ ಜಮಾಖರ್ಚಿನ ಪುಸ್ತಕವೇ ಒಳ್ಳೆಯ ಮಾರ್ಗದರ್ಶಿ. 40 ವ್ಯಾಟಿನ 12 ವೋಲ್ಟ್ ಫ್ರಿಜ್ಜು ದಿನದ ಅರ್ಧ ಕಾಲ ಓಡಿದರೆ 480 ವ್ಯಾಟ್-ಗಂಟೆ, 25 ವ್ಯಾಟಿನ ಫ್ಯಾನು ರಾತ್ರಿ ಎಂಟು ಗಂಟೆಗೆ 200, ದೀಪಗಳಿಗೆ 50, ಮೊಬೈಲುಗಳಿಗೆ 70. ಒಟ್ಟು 800. ಸಾವಿರ ವ್ಯಾಟ್-ಗಂಟೆಯ ಪೆಟ್ಟಿಗೆಯಲ್ಲಿ ಸೋರಿಹೋಗುವುದನ್ನು ಕಳೆದರೆ ಕೈಗೆ ಹತ್ತುವುದು ಸುಮಾರು 850. ಅಲ್ಲಿಗೆ ಒಂದು ದಿನದ ಸಂಸಾರ ಸರಿಹೋಯಿತು. ಸೊಸೆ ಇಂಡಕ್ಷನ್ ಒಲೆಯನ್ನೂ ತರುವೆನೆಂದರೆ ಲೆಕ್ಕ ತಲೆಕೆಳಗಾಗುತ್ತದೆ: 1500 ವ್ಯಾಟಿನ ಒಲೆ ಅರ್ಧ ಗಂಟೆ ಉರಿದರೆ 750 ಹೋಯಿತು. ಅನ್ನ ಬೆಂದೀತು, ಇನ್ಸುಲಿನ್ ಬಿಸಿಯಾದೀತು! ಇನ್ನೊಂದು ಗುಟ್ಟು. ಇನ್ವರ್ಟರ್ ಸುಮ್ಮನೆ ಚಾಲನೆಯಲ್ಲಿದ್ದರೂ ಹತ್ತು ಹದಿನೈದು ವ್ಯಾಟನ್ನು ನುಂಗುತ್ತಿರುತ್ತದೆ. ದಿನವಿಡೀ ಆದರೆ ಅದು 300ನ್ನು ಮೀರಬಹುದು. ಫ್ರಿಜ್ಜನ್ನು ನೇರವಾಗಿ 12 ವೋಲ್ಟಿನ ಬಾಯಿಗೆ ಸಿಕ್ಕಿಸಿ ಇನ್ವರ್ಟರನ್ನು ಆರಿಸಿಡುವುದು ಜಾಣತನ.

ಬರಿದಾದ ಪೆಟ್ಟಿಗೆಯನ್ನು ತುಂಬುವುದು ಹೇಗೆ? ಚಾಲಕನ ಮುಂದಿರುವ ಸಿಗರೇಟ್ ಸಾಕೆಟ್ಟಿನಿಂದ ನೂರು ವ್ಯಾಟ್ ಬಂದರೆ ಹೆಚ್ಚು. ಹಂಪಿಯನ್ನು ಮುಟ್ಟಿದರೂ ಪೆಟ್ಟಿಗೆ ತುಂಬದು. ಹಾಗೆಂದು ಲಿಥಿಯಂ ಬ್ಯಾಟರಿಯನ್ನು ವ್ಯಾನಿನ ಬ್ಯಾಟರಿಗೆ ನೇರವಾಗಿ ಜೋಡಿಸುವುದು ಅವಿವೇಕ. ಅದು ಕೊಟ್ಟಷ್ಟೂ ಹೀರುವ ಪ್ರಾಣಿ. ಆಲ್ಟರ್ನೇಟರ್ ದಣಿದು ಸುಟ್ಟುಹೋದೀತು. ನಡುವೆ ಡಿಸಿ-ಡಿಸಿ ಚಾರ್ಜರ್ ಒಂದಿರಬೇಕು. ಅದು ಎಂಜಿನ್ ಓಡುತ್ತಿರುವಾಗ ಮಾತ್ರ, ಗೊತ್ತಾದ ಪ್ರಮಾಣದಲ್ಲಿ, ಪವರ್ ಸ್ಟೇಷನ್ ಒಪ್ಪುವ ವೋಲ್ಟೇಜಿನಲ್ಲಿ ವಿದ್ಯುತ್ತನ್ನು ಬಡಿಸುತ್ತದೆ. 30 ಆಂಪೇರ್ ಎಳೆದುಕೊಂಡರೆ ಸುಮಾರು 400 ವ್ಯಾಟ್. ಮೂರು ಗಂಟೆಯ ಪ್ರಯಾಣದಲ್ಲಿ ಪೆಟ್ಟಿಗೆ ಬಹುಮಟ್ಟಿಗೆ ತುಂಬುತ್ತದೆ. ಛಾವಣಿಯ ಮೇಲೆ 200 ವ್ಯಾಟಿನ ಸೌರಫಲಕವಿದ್ದರೆ ಬಿಸಿಲುಳ್ಳ ದಿನ ಆರೇಳುನೂರು ವ್ಯಾಟ್-ಗಂಟೆ ದಕ್ಕೀತು. ಮಳೆಗಾಲದ ಆಗುಂಬೆಯಲ್ಲಿ ಅದನ್ನು ನಂಬಿ ಕೂರಬಾರದು.

ಅನಾಹುತಗಳು ಹುಟ್ಟುವುದು ಹೆಚ್ಚಾಗಿ ತಂತಿಯಲ್ಲಿ. ಹನ್ನೆರಡು ವೋಲ್ಟ್ ಮುಟ್ಟಿದರೆ ಏನೂ ಆಗದಲ್ಲ ಎಂಬ ಉದಾಸೀನ ಅನೇಕರಿಗೆ. ಆದರೆ ವೋಲ್ಟ್ ಕಡಿಮೆಯಾದಷ್ಟೂ ಅದೇ ಕೆಲಸಕ್ಕೆ ಆಂಪೇರ್ ಹೆಚ್ಚು ಬೇಕು, ತಂತಿ ಕಾಯುವುದು ಆಂಪೇರಿನ ವರ್ಗದಂತೆ. ಮನೆಯ ಪ್ಲಗ್ಗಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನೇ ಹೋಗುವುದಕ್ಕೆ ಐದು, ಬರುವುದಕ್ಕೆ ಐದು ಮೀಟರಿನಂತೆ ಎಳೆದು 30 ಆಂಪೇರ್ ಹರಿಸಿದರೆ ಎರಡು ವೋಲ್ಟಿಗೂ ಮಿಗಿಲಾಗಿ ನಷ್ಟವಾಗಿ, ಅರವತ್ತು ವ್ಯಾಟಿನಷ್ಟು ಶಾಖ ತಂತಿಯಲ್ಲೇ ಉಳಿಯುತ್ತದೆ. ಹಾಸಿಗೆಯ ಕೆಳಗೆ ಹಳೆಯ ಕಾಲದ ಬಲ್ಬೊಂದನ್ನು ಹೊತ್ತಿಸಿಟ್ಟಂತೆ! 16 ಚದರ ಮಿಲಿಮೀಟರಿನ ತಂತಿಯಲ್ಲಿ ಈ ಶಾಖ ಹತ್ತು ವ್ಯಾಟಿಗಿಳಿಯುತ್ತದೆ. ಫ್ಯೂಸನ್ನು ವ್ಯಾನಿನ ಬ್ಯಾಟರಿಯ ಮಗ್ಗುಲಲ್ಲೇ ಇರಿಸಬೇಕು. ಚಾರ್ಜರಿನ ಬಳಿ ಇಟ್ಟರೆ ದಾರಿಯಲ್ಲಿ ತಂತಿ ಉಜ್ಜಿ ಗಾಡಿಯ ಮೈಗೆ ತಗುಲಿದಾಗ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ತಗಡಿನ ತೂತುಗಳಲ್ಲಿ ತಂತಿ ಹಾಯುವೆಡೆ ರಬ್ಬರಿನ ಬಳೆ ತೊಡಿಸಬೇಕು. ತುದಿಯ ಲಗ್ಗುಗಳನ್ನು ಸುತ್ತಿಗೆಯಿಂದ ಜಜ್ಜದೆ ಪೀಣ್ಯದಲ್ಲಿ ಯಂತ್ರವಿರುವವರಿಂದ ಒತ್ತಿಸಿಕೊಳ್ಳಬೇಕು.

ಪೆಟ್ಟಿಗೆಯ ತೂಕ ಹನ್ನೆರಡು ಕಿಲೋ ಆಸುಪಾಸು. ಬ್ರೇಕು ಹಾಕಿದಾಗ ಅದು ಹಾರಿ ಯಾರ ಬೆನ್ನಿಗೂ ಬಡಿಯದಂತೆ ಪಟ್ಟಿಯಿಂದ ಬಿಗಿದು, ಸುತ್ತಲೂ ಗಾಳಿಯಾಡಲು ಜಾಗ ಬಿಡಬೇಕು. ಬಿಸಿಲಿನಲ್ಲಿ ಮುಚ್ಚಿದ ವ್ಯಾನಿನೊಳಗೆ ಅದನ್ನು ಬಿಡಬಾರದು. ಗಾಡಿಯ ರೂಪವನ್ನೇ ಬದಲಿಸುವುದಾದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವನ್ನು ನೋಡಿಕೊಂಡು, ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಕೈಹಾಕಬೇಕು.

ಎಲ್ಲವೂ ಆದ ಮೇಲೆ ಮೊದಲ ರಾತ್ರಿಯನ್ನು ತುಂಗಭದ್ರೆಯ ದಡದಲ್ಲಲ್ಲ, ಚಿಕ್ಕಬಾಣಾವರದ ಮನೆಯ ಮುಂದೆಯೇ ವ್ಯಾನಿನಲ್ಲಿ ಕಳೆದು ನೋಡುವುದು ಲೇಸು. ಫ್ರಿಜ್ಜಿನೊಳಗೆ ಔಷಧದ ಬದಲು ಒಂದು ಉಷ್ಣಮಾಪಕವನ್ನಿಟ್ಟು, ಬೆಳಗಿನ ಜಾವ ಬಾಗಿಲು ತೆರೆದು ಅದರ ಅಂಕೆಯನ್ನು ವೃದ್ಧ ತಾಯಿಗೇ ತೋರಿಸಬಹುದು.