ಸೂತ್ರ ಬಂತು, ಲೆಕ್ಕ ಬರಲಿಲ್ಲ

ನಮ್ಮ ಮಕ್ಕಳಿಗೆ ಭೌತಶಾಸ್ತ್ರದ ಲೆಕ್ಕ ಹತ್ತುವುದಿಲ್ಲ ಎಂಬ ದೂರು ಮುಂಬಯಿಯ ಕನ್ನಡ ಮನೆಗಳಲ್ಲಿ ಹೊಸತಲ್ಲ. ನಾವು ಕಂಡುಕೊಂಡಿರುವ ಮದ್ದೂ ಒಂದೇ: ಕೋಚಿಂಗ್ ಕ್ಲಾಸು. ಹಣ ತೆತ್ತು ಮಗು ಅಲ್ಲಿಂದ ತರುವುದೇನು? ಚಲನೆಯ ಸೂತ್ರಗಳ ಒಂದು ಚೀಟಿ. ಈ ಮದ್ದೇ ರೋಗವನ್ನು ಬೆಳೆಸುತ್ತಿದೆ ಎಂದರೆ ಪಾಲಕರು ಸಿಟ್ಟಾಗಬಾರದು.

ಒಂದು ಲೆಕ್ಕ ನೋಡಿ. ಲೋಕಲ್ ಗಾಡಿಯೊಂದು ನಿಲ್ದಾಣದಿಂದ ಹೊರಟು ಒಂದೇ ಸಮನೆ ವೇಗ ಹೆಚ್ಚಿಸಿಕೊಂಡು 30 ಸೆಕೆಂಡಿನಲ್ಲಿ ಸೆಕೆಂಡಿಗೆ 15 ಮೀಟರ್ ಮುಟ್ಟುತ್ತದೆ. ಅದೇ ವೇಗದಲ್ಲಿ 60 ಸೆಕೆಂಡು ಓಡುತ್ತದೆ. ಬಳಿಕ ಬ್ರೇಕು ಬಿದ್ದು, ಸಮನಾಗಿ ನಿಧಾನಿಸಿ, 20 ಸೆಕೆಂಡಿನಲ್ಲಿ ಮುಂದಿನ ನಿಲ್ದಾಣದಲ್ಲಿ ನಿಲ್ಲುತ್ತದೆ. ದೂರವೆಷ್ಟು? ಚೀಟಿ ಹಿಡಿದ ಹುಡುಗ ಹೇಳುತ್ತಾನೆ: ಆರಂಭದ ವೇಗ ಸೊನ್ನೆ, ಕೊನೆಯ ವೇಗ ಸೊನ್ನೆ, ಸರಾಸರಿ ಸೊನ್ನೆ, 110 ಸೆಕೆಂಡಿನಿಂದ ಗುಣಿಸಿದರೂ ಸೊನ್ನೆ. ಗಾಡಿ ಕದಲಲೇ ಇಲ್ಲ!

ಸೂತ್ರ ಸುಳ್ಳಲ್ಲ. ವೇಗ ಮೊದಲಿನಿಂದ ಕೊನೆಯವರೆಗೆ ಒಂದೇ ದರದಲ್ಲಿ ಬದಲಾದರೆ ಮಾತ್ರ ಅದು ಸಲ್ಲುತ್ತದೆ. ಇಲ್ಲಿ ಓಟಕ್ಕೆ ಮೂರು ಭಾಗ: 225, 900, 150 ಮೀಟರ್, ಒಟ್ಟು 1275. ಕಾಲಕ್ಕೆ ಎದುರಾಗಿ ವೇಗದ ಗೆರೆ ಎಳೆದರೆ ಅದರಡಿಯ ಕ್ಷೇತ್ರಫಲವೂ 1275. ಕ್ಯಾಲ್ಕ್ಯುಲಸ್ ಎಂದು ಹೆದರಿಸುವ ವಿದ್ಯೆಯ ಬೀಜ ಇಲ್ಲೇ ಇದೆ. ಹುಡುಗ ಎಡವಿದ್ದು ಗುಣಾಕಾರದಲ್ಲಲ್ಲ, ಓದಿನಲ್ಲಿ. ದಿನವೂ ಅದೇ ಗಾಡಿಯಲ್ಲಿ ನೇತಾಡುವವನಿಗೆ ಪ್ರಶ್ನೆಯಲ್ಲಿ ಗಾಡಿಯೇ ಕಾಣಲಿಲ್ಲ.

ಆದ್ದರಿಂದ ನನ್ನ ವಾದವಿಷ್ಟು: ಪೆನ್ಸಿಲು ಹಿಡಿಯುವ ಮೊದಲು ಮಗು ಆ ಪ್ರಶ್ನೆಯನ್ನು ಮನೆಮಾತಿನಲ್ಲಿ ಕಥೆಯಾಗಿ ಹೇಳಲಿ. "ಪರೀಕ್ಷೆ ಇಂಗ್ಲಿಷಿನಲ್ಲಿರುವಾಗ ಕನ್ನಡದಲ್ಲಿ ಫಿಸಿಕ್ಸೇ?" ಎಂದು ಮೂಗು ಮುರಿಯುವವರುಂಟು. ಉತ್ತರವನ್ನು ಇಂಗ್ಲಿಷಿನಲ್ಲೇ ಬರೆಯಲಿ, ಬೇಡವೆಂದವರಾರು? ಅರ್ಥವಾಗದ್ದನ್ನು ಯಾವ ಭಾಷೆಯಲ್ಲಿ ಬರೆದರೇನು?

ಇದು ನಮಗೆ ಪರಕೀಯ ವಿದ್ಯೆಯೂ ಅಲ್ಲ. 9ನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ದಾರಿಹೋಕರ ಲೆಕ್ಕಗಳಿವೆ. 12ನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಅದೇ ಧಾಟಿಯ ಒಂದು ಲೆಕ್ಕವನ್ನು ಈ ರಾತ್ರಿ ಊಟಕ್ಕೆ ಕುಳಿತಾಗ ಕೇಳಿ ನೋಡಿ. ಒಬ್ಬ ಮೊದಲ ದಿನ 3 ಮೈಲಿ ನಡೆದು ದಿನಕ್ಕೆ 2 ಮೈಲಿ ಹೆಚ್ಚಿಸುತ್ತ ಹೋಗುತ್ತಾನೆ. ಜೊತೆಗೇ ಹೊರಟ ಇನ್ನೊಬ್ಬನದು ದಿನಕ್ಕೆ 9 ಮೈಲಿ. ಇಬ್ಬರೂ ಮತ್ತೆ ಕೂಡುವುದೆಂದು? ಏಳನೆಯ ದಿನದ ಕೊನೆಗೆ, 63ನೆಯ ಮೈಲಿಯಲ್ಲಿ. ಆ ದಿನದ ನಡಿಗೆ 15; ಮೂರು ಮತ್ತು ಹದಿನೈದರ ಸರಾಸರಿ 9. ಇಲ್ಲಿ ಸರಾಸರಿ ಸಲ್ಲಿತು, ಗಾಡಿಗೆ ಸಲ್ಲಲಿಲ್ಲ. ಏಕೆಂದು ಹೇಳಬಲ್ಲ ಮಗುವಿಗೆ ಚೀಟಿ ಬೇಡ.

ನಾಟಕಕ್ಕೆ, ರಾಜ್ಯೋತ್ಸವಕ್ಕೆ ತೆರೆಯುವ ನಮ್ಮ ಸಭಾಗೃಹ ತಿಂಗಳಿಗೊಂದು ಭಾನುವಾರ ಇದಕ್ಕೂ ತೆರೆಯಲಿ. ನಮ್ಮೊಳಗೆ ಎಂಜಿನಿಯರರಿಗೆ ಬರವಿಲ್ಲ. ಒಂದು ಕರಿಹಲಗೆ, ಎರಡು ಗಂಟೆ ಸಾಕು. ಕನ್ನಡ ಉಳಿಯಬೇಕೆಂದು ವೇದಿಕೆಯ ಮೇಲೆ ಕೂಗುವವರು, ಅದರಲ್ಲಿ ಮಕ್ಕಳು ಯೋಚಿಸುವಂತೆ ಮೊದಲು ಮಾಡಲಿ.