ಹೆಣ್ಣುಕೂಸಿಗೆ ಹೆಸರಿಡುವಾಗ

ದೇವದತ್ತ ಎಂದರೆ ದೇವರು ಕೊಟ್ಟವನು. ಗ್ರೀಕರ ಥಿಯೋಡೋರ್, ಯಹೂದ್ಯರ ನಥಾನಿಯೇಲ್, ಅರಬ್ಬರ ಅತಾವುಲ್ಲಾ, ಸ್ಲಾವ್ ಜನರ ಬೊಗ್ದಾನ್ ಇವಕ್ಕೂ ಅದೇ ಅರ್ಥ. ನುಡಿ ಬೇರೆ, ಭಾವ ಒಂದೇ. ಗ್ರೀಕರು ಅವೇ ಪದಗಳಿಂದ ಹೆಣ್ಣುಮಗುವಿಗೂ ಥಿಯೋಡೋರಾ, ಡೊರೊಥಿಯಾ ಎಂದು ಹೆಸರಿಟ್ಟರು. ದೇವರ ಕೊಡುಗೆಯಲ್ಲಿ ಗಂಡು ಹೆಣ್ಣೆಂಬ ಭೇದವುಂಟೇ?

ಆದರೆ ನೆರೆಯ ಮಹಾರಾಷ್ಟ್ರದಲ್ಲಿ ಮತ್ತೆ ಹೆಣ್ಣಾಯಿತೆಂದು ಕೂಸನ್ನು ‘ನಕೂಸಾ’ ಎಂದು, ಅಂದರೆ ಬೇಡವಾದವಳೆಂದು, ಕರೆದವರಿದ್ದಾರೆ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ 285 ಹೆಣ್ಣುಮಕ್ಕಳಿಗೆ ಹೊಸ ಹೆಸರಿಡಲಾಯಿತು. ನಮ್ಮ ಹಳ್ಳಿಗಳಲ್ಲೂ ಹೆಣ್ಣು ಸಾಕೆಂಬ ಅರ್ಥದಲ್ಲಿ ‘ಸಾಕವ್ವ’ ಎಂದದ್ದುಂಟು.

ತಿಪ್ಪ, ತಿರುಕ ಎಂಬ ಹೆಸರುಗಳೂ ಹಿಂದೆ ಇದ್ದವಲ್ಲ ಎಂದು ಹಿರಿಯರು ಕೇಳಬಹುದು. ನಿಜ. ಮೊದಲಿನ ಕೂಸುಗಳು ಉಳಿಯದಿದ್ದಾಗ, ಇದಾದರೂ ಬದುಕಲಿ ಎಂಬ ಹರಕೆಯಿಂದ ಬಂದ ಹೆಸರುಗಳವು. ಅಲ್ಲಿ ಕಕ್ಕುಲಾತಿಯಿತ್ತು, ಇಲ್ಲಿರುವುದು ಬೇಸರ. ಶಾಲೆಯಲ್ಲಿ ಹಾಜರಿ ಕೂಗಿದಾಗಲೆಲ್ಲ ‘ನೀನು ಬೇಡ’ ಎಂದೇ ಕೇಳಿಸಿದರೆ ಆ ಎಳೆಯ ಜೀವ ಹೇಗೆ ಅರಳೀತು?

ಮನೆಯಲ್ಲಿ ಅಂಥ ಹೆಸರಿದ್ದರೆ ಇಂದೇ ಬದಲಿಸಿರಿ. ಮುಂದೆ ತೊಟ್ಟಿಲು ಕಟ್ಟುವ ದಿನ, ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮೊದಲು ಅದರ ಅರ್ಥವನ್ನೊಮ್ಮೆ ನೆನೆಯಿರಿ. ಕೊಟ್ಟವನ ಮುಂದೆ ನಿಂತು, ನೀನು ಕೊಟ್ಟದ್ದು ನಮಗೆ ಬೇಡವಾಗಿತ್ತು ಎನ್ನಲು ನಮಗೆ ಬಾಯಿ ಬಂದೀತೇ?